ಮೂಗು ನೋಡಿ ನಟನ್ನ ಗುರುತಿಸೋದು: ಜಪಾನಿನ ಕಬುಕಿ ಅಚ್ಚುಚಿತ್ರಗಳ ಬಗ್ಗೆ ಆಡಿದ ಮಾತು

(ನಮ್ಮ ಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಕೆಮ್ಮು, "ಹಿಂದೆ ಕೇಳಿಸ್ತಿದ್ಯಾ" ಇವೆಲ್ಲ ತೆಗೆದಿದೀನಿ, ಮಾತಾಡೋವಾಗ ನೆನಪಿಗೆ ಬರದೆ ತಡವರಿಸಿದ ಒಂದೆರಡು ಹೆಸರು, ಇಸವಿ ಸೇರಿಸಿದೀನಿ. ಉಳಿದಿದ್ದು ಹಂಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ಪ್ರೊಜೆಕ್ಟರ್‌ನಲ್ಲಿ ಕೆಂಪು ಬಣ್ಣ ಎಲ್ಲ ನೇರಳೆ ಕಾಣಿಸ್ತಿದೆ, ಏನ್ ತಿರುಗಿಸಿದ್ರೂ ಸರಿಹೋಗ್ಲಿಲ್ಲ, ಅದಕ್ಕೆ ಹೊರಗಡೆ ಓಡಿಹೋಗಿ ಕಲರ್ ಪ್ರಿಂಟ್ ಹಾಕಿಸ್ಕೊಂಡು ಬಂದಿದೀನಿ, ಕೈಯಿಂದ ಕೈಗೆ ದಾಟಿಸ್ತಾ ನೋಡಿ, ಕಾಫಿ ಮಾತ್ರ ಚೆಲ್ಲಬೇಡಿ. ಒಂದ್ ಲೆಕ್ಕದಲ್ಲಿ ಹಿಂಗಾಗಿದ್ದೇ ಒಳ್ಳೇದಾಯ್ತು. ಇವೆಲ್ಲ ಜಪಾನಿನ ಕಬುಕಿ ಅನ್ನೋ ನಾಟಕದ ನಟರ ಚಿತ್ರಗಳು, ಮರದ ಹಲಗೆ ಕೆತ್ತಿ ಅಚ್ಚು ಹಾಕಿರೋದು. ಇವನ್ನ ಮಾಡಿದ್ದೇ ಕೈಲಿ ಹಿಡ್ಕೊಂಡು, ಕಿಟಕಿ ಬೆಳಕಿಗೆ ಆ ಕಡೆ ಈ ಕಡೆ ವಾಲಿಸಿ ನೋಡೋದಕ್ಕೆ. ಫ್ರೇಮ್ ಹಾಕಿ ಮ್ಯೂಸಿಯಂ ಗೋಡೆಗೆ ತೂಗುಹಾಕಿದ್ದು ಆಮೇಲಿನವರು. ಸೈಜೂ ಕೈಗೆ ತಕ್ಕಂಗೇ ಇದೆ, ಓಬಾನ್ ಅಂತ ಕರೀತಾರೆ, ಹೆಚ್ಚುಕಮ್ಮಿ 39 ಸೆಂಟಿಮೀಟರ್ ಎತ್ತರ, 26 ಅಗಲ.

ಈಗ ನಿಮ್ಮ ಕೈಲಿರೋ ಮೊದಲನೇ ಚಿತ್ರ ನೋಡಿ. ಎಲ್ಲೋ ನೋಡೇ ಇರ್ತೀರ ಇದನ್ನ, ಟೀ ಶರ್ಟ್ ಮೇಲೋ ಕಾಫಿ ಮಗ್ ಮೇಲೋ. ಉದ್ದ ಮುಖ, ಗಿಣಿಮೂಗು, ಬಿಗಿಯಾಗಿ ಕೆಳಗೆ ಬಾಗಿರೋ ಬಾಯಿ, ಒಂದಕ್ಕೊಂದು ಹತ್ರ ಬಂದಿರೋ ಪುಟ್ಟ ಕಣ್ಣು, ಎದೆ ಹತ್ರ ಬಟ್ಟೆ ಒಳಗಿಂದ ಆಚೆ ಬಂದಿರೋ ಎರಡು ಕೈ, ಬೆರಳೆಲ್ಲ ಬಿಚ್ಕೊಂಡು. ಇದು ಯಾರು ಅಂತ ಕೇಳಿದ್ರೆ ಎರಡು ಉತ್ತರ ಇದೆ, ಎರಡೂ ಸರಿ. ಒಂದು, ಎದೊಬೆಯ್ ಅನ್ನೋ ಆಳು, ದುಡ್ಡು ಕೊಟ್ರೆ ಯಾರ್ ಮೇಲಾದ್ರೂ ಬೀಳೋ ಗಿರಾಕಿ. ಇನ್ನೊಂದು, ಮೂರನೇ ಒತಾನಿ ಒನಿಜಿ ಅನ್ನೋ ನಟ, ಮೂರನೇ ಅಂದ್ರೆ ಆ ಹೆಸರು ಹೊತ್ತವರಲ್ಲಿ ಮೂರನೆಯವನು. 1794ರ ಐದನೇ ತಿಂಗಳಲ್ಲಿ ಎದೊ ಊರಲ್ಲಿ, ಅಂದ್ರೆ ಈಗಿನ ಟೋಕಿಯೊದಲ್ಲಿ, ಕವಾರಾಜಾಕಿ-ಜಾ ಅನ್ನೋ ಥಿಯೇಟರಿನಲ್ಲಿ ಆ ನಟ ಈ ಪಾತ್ರ ಮಾಡ್ದ. ಈ ಚಿತ್ರ ಬರೆದವನು ಶಾರಾಕು ಅನ್ನೋ ಕಲಾವಿದ.

ನಾನಿವತ್ತು ಹೇಳೋಕೆ ಬಂದಿರೋದು ಈ ಎರಡು ಉತ್ತರದ ಕತೇನೇ. ಇಂಥ ಚಿತ್ರಕ್ಕೆ ಯಾಕುಶಾ-ಎ ಅಂತಾರೆ, ನಟಚಿತ್ರ ಅಂತ ಅರ್ಥ. ಅದನ್ನ ಕೊಳ್ತಿದ್ದ ಜನಕ್ಕೆ ಪಾತ್ರಾನೂ ಕಾಣ್ಬೇಕಿತ್ತು, ಅದರೊಳಗಿರೋ ನಟನೂ ಕಾಣ್ಬೇಕಿತ್ತು, ಒಂದೇ ನೋಟಕ್ಕೆ. ಪಾತ್ರ ಮಾತ್ರ ಕಂಡ್ರೆ ಅದು ಪುರಾಣದ ಚಿತ್ರ ಆಗ್ಬಿಡುತ್ತೆ, ನಟ ಮಾತ್ರ ಕಂಡ್ರೆ ಯಾರದ್ದೋ ಮನೆ ಫೋಟೋ ಆಗುತ್ತೆ. ಈ ಎರಡರ ಮಧ್ಯೆ ಎಲ್ಲಿ ನಿಲ್ಲೋದು ಅಂತ ಸುಮಾರು ಇನ್ನೂರು ವರ್ಷ ಎಳೆದಾಡಿದ್ದಾರೆ ಕಲಾವಿದರು, ಪಬ್ಲಿಷರ್‌ಗಳು, ಮಧ್ಯೆ ಸರ್ಕಾರಾನೂ.

ಕಬುಕಿ ಬಗ್ಗೆ ಗೊತ್ತಿಲ್ಲದವರಿಗೆ ಎರಡೇ ಮಾತು. 1603ರ ಸುಮಾರಿಗೆ ಕ್ಯೋಟೊದಲ್ಲಿ ಓಕುನಿ ಅನ್ನೋ ಹೆಂಗಸು ಕುಣಿಯೋಕೆ ಶುರುಮಾಡಿದ್ದು ಕಬುಕಿಯ ಮೊದಲು. ತಮಾಷೆ ಏನಂದ್ರೆ ಹೆಂಗಸು ಕಟ್ಟಿದ ಆಟದಿಂದ 1629ರಲ್ಲಿ ಹೆಂಗಸರನ್ನೇ ಆಚೆ ಹಾಕಿದ್ರು, ಊರು ಕೆಡ್ತಿದೆ ಅಂತ. ಆಮೇಲೆ ಹುಡುಗರು ಬಂದ್ರು, ಅವರಿಂದಲೂ ಅದೇ ಗಲಾಟೆ, 1652ರಲ್ಲಿ ಅವರಿಗೂ ಬೀಗ. ಕೊನೆಗೆ ಮುಂದಲೆ ಬೋಳಿಸ್ಕೊಂಡ ವಯಸ್ಕ ಗಂಡಸರು ಮಾತ್ರ ಆಡಬಹುದು ಅಂತಾಯ್ತು. ಹೆಣ್ಣು ಪಾತ್ರ ಮಾಡೋ ಗಂಡಸಿಗೆ ಒನ್ನಗಾತಾ ಅಂತ ಹೆಸರು. ನಮ್ಮ ಕಡೆ ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಪಡೋಂಥದ್ದೇನಿಲ್ಲ. ಆದ್ರೆ ಹಳೇ ಅಚ್ಚುಚಿತ್ರದಲ್ಲಿ ಸುಂದರಿ ಹಣೆ ಮೇಲೆ ಒಂದು ಸಣ್ಣ ನೇರಳೆ ಬಟ್ಟೆ ಕಂಡ್ರೆ ಅಲ್ಲೇ ನಿಲ್ಲಿ. ಅದು ಅಲಂಕಾರ ಅಲ್ಲ, ಕಾನೂನು ಪ್ರಕಾರ ಬೋಳಿಸಿದ ಮುಂದಲೆ ಮುಚ್ಚೋಕೆ ಹಾಕಿರೋದು. ಕಾಲ ಕಳೆದಂಗೆ ಅದೇ ಬಟ್ಟೆ ಒಂದು ಸೊಬಗಾಗಿ ಹೋಯ್ತು. ಚಿತ್ರಕಾರರು ಮುಚ್ಚಿಡೋಕೇನೂ ಹೋಗ್ಲಿಲ್ಲ, ನೀಟಾಗಿ ಬರೆದ್ರು. ಅಂದ್ರೆ ಇದು ಹೆಣ್ಣೂ ಹೌದು, ಹೆಣ್ಣುವೇಷದ ಗಂಡಸೂ ಹೌದು ಅಂತ ಚಿತ್ರಾನೇ ಹೇಳ್ತಿದೆ.

ನಟರ ಸ್ಥಾನಮಾನ ಅನ್ನೋದು ಇನ್ನೊಂದು ವಿಚಿತ್ರ. ಸರ್ಕಾರದ ಲೆಕ್ಕದಲ್ಲಿ ಇವರು ಕವಾರಮೊನೊ, ಹೊಳೆದಂಡೆ ಜನ, ಊರೊಳಗೆ ಮರ್ಯಾದೆ ಇಲ್ಲದವರು. ಜನರ ಲೆಕ್ಕದಲ್ಲಿ ದೇವರು. ವರ್ಷಕ್ಕೆ ಸಾವಿರ ರ್ಯೋ ಚಿನ್ನದ ಸಂಬಳದ ನಟ ಅನ್ನೋ ಮಾತೇ ಚಾಲ್ತಿಯಲ್ಲಿತ್ತು, ಅವರು ಸೆನ್‌ರ್ಯೋ ಯಾಕುಶಾ. ಅವರು ಉಟ್ಟ ಬಣ್ಣ ಮುಂದಿನ ತಿಂಗಳು ಊರ ಹೆಂಗಸರ ಮೈಮೇಲೆ. ಥಿಯೇಟರ್ ಟಿಕೆಟ್ ದುಬಾರಿ, ಒಳ್ಳೆ ಜಾಗ ಬೇಕಂದ್ರೆ ಪಕ್ಕದ ಚಹಾ ಅಂಗಡಿ ಮೂಲಕ ಬುಕ್ ಮಾಡಬೇಕು, ಊಟ ತಿಂಡಿ ಎಲ್ಲ ಸೇರಿ ಕೈಸುಡೋದು. ಅಚ್ಚುಚಿತ್ರ ಅಂದ್ರೆ ಹೆಚ್ಚುಕಮ್ಮಿ ಒಂದು ಬಟ್ಟಲು ಸೋಬಾ ನೂಡಲ್ಸಿನ ಬೆಲೆ. ಹಳ್ಳಿಯಿಂದ ಎದೊ ನೋಡೋಕೆ ಬಂದವನು ಊರಿಗೆ ವಾಪಸ್ ಹೋಗ್ತಾ ಒಂದು ಕಟ್ಟು ಇಂಥ ಚಿತ್ರ ಒಯ್ತಿದ್ದ, ಹಗುರ, ಮಡಚಬಹುದು, ಹಂಚಬಹುದು.

ಶುರುವಿನ ಚಿತ್ರಗಳು ಹೇಗಿದ್ವು ಅಂದ್ರೆ ಮುಖ ನೋಡಿ ಯಾರು ಅಂತ ಹೇಳೋಕೇ ಆಗಲ್ಲ. ತೊರಿಇ ಅನ್ನೋ ಮನೆತನ, ಥಿಯೇಟರ್ ಮುಂದೆ ಹಾಕೋ ಬೋರ್ಡ್ ಬರೆಯೋದು ಅವರ ಕಸುಬು. ತೊರಿಇ ಕಿಯೊನೊಬು ಅದರ ಮೊದಲಿಗ, 1729ರಲ್ಲಿ ತೀರ್ಕೊಂಡ. ಆ ಶೈಲಿಗೆ ಜಪಾನೀಯರೇ ಇಟ್ಟಿರೋ ಹೆಸರು ಕೇಳಿ: ಸೋರೆಕಾಯಿ ಕಾಲು, ಎರೆಹುಳ ಗೆರೆ. ತೊಡೆ ಮೀನಖಂಡ ಎಲ್ಲ ಸೋರೆಬುರುಡೆ ಥರ ಉಬ್ಬಿಹೋಗಿರುತ್ತೆ, ಗೆರೆ ಒಮ್ಮೆ ದಪ್ಪ ಒಮ್ಮೆ ಸಣ್ಣ, ಮಳೆ ಬಂದ ಮಾರನೇ ದಿನ ಅಂಗಳದಲ್ಲಿ ಎರೆಹುಳ ಹೊರಳಾಡಿದಂಗೆ. ಯಾಕಂದ್ರೆ ಆಗ ಎದೊದಲ್ಲಿ ಅರಗೊತೊ ಅನ್ನೋ ಆರ್ಭಟದ ಶೈಲಿ, ಮೊದಲನೇ ಇಚಿಕಾವಾ ದಾಂಜೂರೊ ಶುರುಮಾಡಿದ್ದು. ಮುಖಕ್ಕೆ ಕೆಂಪು ಪಟ್ಟೆ ಬಳ್ಕೊಂಡು, ಕತೆ ತುದಿಗೆ ಬಂದಾಗ ಕಣ್ಣು ಮೆಳ್ಳೆ ಮಾಡಿ, ಕತ್ತು ಒಂದು ಸುತ್ತು ತಿರುಗಿಸಿ ಕಲ್ಲಿನಂಗೆ ನಿಂತ್ಬಿಡೋದು. ಇದಕ್ಕೆ ಮಿಎ ಅಂತಾರೆ. ಆಗ ಪಕ್ಕದಲ್ಲಿ ಕೂತವನು ಎರಡು ಮರದ ತುಂಡು ತಗೊಂಡು ಹಲಗೆ ಮೇಲೆ ಪಟಪಟ ಅಂತ ಬಡೀತಾನೆ. ನಟಚಿತ್ರಗಳಲ್ಲಿ ಎಷ್ಟೋ ಇಂಥ ಮಿಎ ಕ್ಷಣವೇ. ಚಲಿಸೋ ಆಟವನ್ನ ಚಿತ್ರಕಾರ ನಿಲ್ಲಿಸಲಿಲ್ಲ, ನಟನೇ ನಿಂತ, ಚಿತ್ರಕಾರ ಬರ್ಕೊಂಡ.

ಮುಖ ಎಲ್ಲ ಒಂದೇ ಥರ ಇದ್ರೆ ನಟ ಯಾರು ಅಂತ ಗೊತ್ತಾಗೋದು ಹೇಗೆ? ಒಂದು, ಪಕ್ಕದಲ್ಲಿ ಹೆಸರು ಬರೆದಿರ್ತಾರೆ. ಎರಡು, ತೋಳ ಮೇಲಿನ ಲಾಂಛನ. ಇಚಿಕಾವಾ ದಾಂಜೂರೊ ವಂಶದ ಲಾಂಛನ ಮಿಮಾಸು, ಅಂದ್ರೆ ಮೂರು ಚೌಕ ಒಂದರೊಳಗೊಂದು. ಏನದು ಅಂದ್ರೆ ಅಕ್ಕಿ ಅಳೆಯೋ ಚೌಕಾಕಾರದ ಮರದ ಡಬ್ಬಿಗಳು, ನಮ್ಮಲ್ಲಿ ಸೇರು, ಪಾವು, ಚಟಾಕು ಒಂದರೊಳಗೊಂದು ಇಟ್ಟು ಮೇಲಿಂದ ಬಗ್ಗಿ ನೋಡಿದ್ರೆ ಹೆಂಗಿರುತ್ತೆ, ಅದೇ, ದುಂಡಗಿಲ್ಲ ಅಷ್ಟೇ. ಶಿಬಾರಾಕು ಅನ್ನೋ ದೃಶ್ಯದಲ್ಲಿ ಹೀರೋ ಬರ್ತಾನಲ್ಲ, "ಸ್ವಲ್ಪ ತಡೀರಿ!" ಅಂತ ಕೂಗ್ಕೊಂಡು ಪ್ರೇಕ್ಷಕರ ಮಧ್ಯದ ಹನಮಿಚಿ ಹಾದಿಯಲ್ಲಿ, ಅವನ ತೋಳು ಬಾಗಿಲಿನಷ್ಟು ಅಗಲ, ಅದರ ತುಂಬ ಈ ಮೂರು ಚೌಕ. ಕತೆಯಲ್ಲಿ ಹೀರೋ ಯಾವುದೋ ಹಳೇ ಕಾಲದ ವೀರ, ಬಟ್ಟೆ ಮೇಲೆ ಮಾತ್ರ ನಟನ ಮನೆತನದ ಗುರುತು. ರಾಮನ ಪಾತ್ರಧಾರಿ ಎದೆ ಮೇಲೆ ತನ್ನ ಇನಿಷಿಯಲ್ ಹಾಕ್ಕೊಂಡು ಬಂದಂಗೆ. ಯಾರಿಗೂ ಅದು ವಿಚಿತ್ರ ಅನಿಸ್ತಿರಲಿಲ್ಲ.

1765ರಲ್ಲಿ ಪೂರ್ತಿ ಬಣ್ಣದ ಅಚ್ಚು ಬಂತು, ನಿಶಿಕಿ-ಎ, ಜರಿಬಟ್ಟೆಯಂಥ ಚಿತ್ರ ಅಂತ ಹೆಸರು. ಹರುನೊಬು ಅನ್ನೋ ಕಲಾವಿದನ ಜೊತೆ ಸೇರಿ ಹೇಳೋ ಇಸವಿ ಅದು. ನಟಚಿತ್ರಕ್ಕೆ ಅದಕ್ಕಿಂತ ದೊಡ್ಡ ತಿರುವು ಅಂದ್ರೆ ಕಾತ್ಸುಕಾವಾ ಶುನ್‌ಶೊ. ಇವನು ಮತ್ತೆ ಬುನ್‌ಚೊ ಅನ್ನೋ ಇನ್ನೊಬ್ಬ ಚಿತ್ರಕಾರ ಸೇರಿ 1770ರಲ್ಲಿ ಬೀಸಣಿಗೆ ಆಕಾರದ ಚೌಕಟ್ಟಿನೊಳಗೆ ನಟರ ಮುಖ ಬರೆದು ಒಂದು ಪುಸ್ತಕ ಮಾಡಿದ್ರು. ಅಲ್ಲಿ ಮೊದಲ ಸಲ ಲಾಂಛನ ಮುಚ್ಚಿದ್ರೂ ಇವನು ಯಾರು ಅಂತ ಹೇಳಬಹುದು. ಇವನ ಗದ್ದ ಇದು, ಅವನ ಮೂಗು ಅದು. ಅಲೆ ಚಿತ್ರದ ಹೊಕುಸಾಯಿ ಗೊತ್ತಲ್ಲ ನಿಮಗೆಲ್ಲ, ಅವನು ಹುಡುಗನಾಗಿದ್ದಾಗ ಇದೇ ಶುನ್‌ಶೊ ಹತ್ರ ಶುನ್‌ರೊ ಅನ್ನೋ ಹೆಸರಲ್ಲಿ ನಟರನ್ನ ಬರ್ಕೊಂಡಿದ್ದವನು.

ಸ್ವಲ್ಪ ಅಡುಗೆಮನೆಗೆ ಹೋಗೋಣ, ಅಂದ್ರೆ ಇದನ್ನ ಮಾಡೋದು ಹೇಗೆ ಅಂತ. ನಂಗೆ ಇದೇ ಇಷ್ಟದ ಭಾಗ, ಬೇಜಾರಾದ್ರೆ ಹೇಳಿ. ಚಿತ್ರದ ಮೇಲೆ ಸಹಿ ಶಾರಾಕುವದ್ದು, ಆದ್ರೆ ಕೆಲಸ ನಾಲ್ಕು ಜನರದ್ದು. ಪಬ್ಲಿಷರ್ ದುಡ್ಡು ಹಾಕ್ತಾನೆ, ಯಾವ ನಾಟಕ ಯಾವ ನಟ ಅಂತ ಅವನೇ ತೀರ್ಮಾನಿಸ್ತಾನೆ. ಚಿತ್ರಕಾರ ತೆಳು ಕಾಗದದ ಮೇಲೆ ಕಪ್ಪು ಗೆರೆಯಲ್ಲಿ ಬರೀತಾನೆ. ಕೆತ್ತೋನು ಆ ಕಾಗದವನ್ನ ಮಗುಚಿ ಕಾಡುಚೆರಿ ಮರದ ಹಲಗೆಗೆ ಅಂಟಿಸಿ, ಕಾಗದದ ಸಮೇತ ಕೆತ್ತಿಹಾಕ್ತಾನೆ. ಹಂಗಾಗಿ ಅಚ್ಚಾದ ಚಿತ್ರದ ಮೂಲಪ್ರತಿ ಅನ್ನೋದೇ ಇರಲ್ಲ, ಉಳಿ ಕೆಳಗೆ ಪುಡಿಯಾಗಿರುತ್ತೆ. ಗೆರೆ ಉಳಿಸಿ ಮಿಕ್ಕಿದ್ದು ತೆಗೀಬೇಕು. ನಾನೂ ಒಂದ್ಸಲ ಲಿನೋ ಶೀಟಿನಲ್ಲಿ ಟ್ರೈ ಮಾಡ್ದೆ, ಒಂದು ಹುಬ್ಬು ಕೆತ್ತೋಕೆ ಹೋಗಿ ಹುಬ್ಬೂ ಹೋಯ್ತು, ತೋರುಬೆರಳಿಗೆ ಎರಡು ಹೊಲಿಗೆ ಬಿತ್ತು. ಇವರ ಚಿತ್ರದಲ್ಲಿ ಹಣೆ ಅಂಚಿನ ಕೂದಲು ನೋಡಿ, ಬೇಕಾದ್ರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ಒಂದೊಂದು ಎಳೆಯೂ ಮರದಲ್ಲಿ ಎದ್ದುನಿಂತಿರೋ ಗೋಡೆ, ಎರಡು ಎಳೆ ಮಧ್ಯೆ ಮರ ತೆಗೆದಿದಾರೆ. ಅದಕ್ಕೇ ತಲೆ, ಮುಖ, ಕೂದಲು ಕೆತ್ತೋಕೆ ಹಿರಿಯ ಕೆತ್ತನೆಗಾರ, ಬಟ್ಟೆಬರೆ ಕೆತ್ತೋಕೆ ಕಿರಿಯರು ಅಂತ ಕೆಲಸ ಹಂಚ್ಕೊಳ್ತಿದ್ರು. ಮುಖ ಕೈಗೆ ಬರೋದಕ್ಕೆ ವರ್ಷಗಟ್ಟಲೆ ಕಾಯಬೇಕು.

ಆಮೇಲೆ ಅಚ್ಚು ಹಾಕೋನು. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದ, ಅದನ್ನ ಸ್ವಲ್ಪ ಒದ್ದೆ ಮಾಡಿ, ಹಲಗೆ ಮೇಲಿಟ್ಟು, ಬಿದಿರ ಮೊಳಕೆ ಸುತ್ತ ಇರೋ ಹಾಳೆ ಹೊದಿಸಿದ ಒಂದು ಬಿಲ್ಲೆಯಿಂದ ಉಜ್ಜೋದು, ಬರೆನ್ ಅಂತಾರೆ ಅದಕ್ಕೆ. ನಮ್ಮ ಅಡಿಕೆ ಹಾಳೆ ನೆನಪಿಸ್ಕೊಳಿ, ಅಂಥದ್ದೇ ಒಂದು ವಸ್ತು, ಇನ್ನೂ ತೆಳು. ಪ್ರೆಸ್ಸು ಗಿಸ್ಸು ಏನೂ ಇಲ್ಲ, ಎಲ್ಲ ಭುಜದ ಬಲ. ಹತ್ತು ಬಣ್ಣ ಒಂದರಮೇಲೊಂದು ಸರಿಯಾಗಿ ಕೂರೋದು ಹೇಗೆ ಅಂದ್ರೆ ಪ್ರತಿ ಹಲಗೆಯ ಒಂದು ಮೂಲೆಯಲ್ಲಿ ಒಂದು ಸಣ್ಣ ಮೆಟ್ಟಿಲು ಬಿಟ್ಟಿರ್ತಾರೆ, ಪಕ್ಕದ ಅಂಚಲ್ಲಿ ಇನ್ನೊಂದು ನೇರ ಗೆರೆ, ಕಾಗದದ ಮೂಲೆ ಅಲ್ಲಿ ತಂದು ಒತ್ತಿದ್ರೆ ಮುಗೀತು. ಕೆಂತೊ ಅಂತ ಅದರ ಹೆಸರು. ಇವತ್ತಿಗೂ ಜಪಾನಿ ಮಾತಲ್ಲಿ ಲೆಕ್ಕಾಚಾರ ತಪ್ಪಿದ್ರೆ ಕೆಂತೊ ತಪ್ಪಿತು ಅಂತಾರೆ.

ಇದೆಲ್ಲ ಎಷ್ಟು ಬೇಗ ಆಗ್ಬೇಕು ಅಂದ್ರೆ, ನಾಟಕ ಓಡ್ತಿರೋವಾಗ್ಲೇ ಚಿತ್ರ ಅಂಗಡೀಲಿರಬೇಕು. ಆಟ ಎತ್ತಂಗಡಿ ಆದ ಮೇಲೆ ಆ ಚಿತ್ರ ಯಾರಿಗ್ ಬೇಕು. ಅದಕ್ಕೆ ಎಷ್ಟೋ ಸಲ ಚಿತ್ರಕಾರ ಆಟ ಶುರುವಾಗೋ ಮೊದಲೇ, ಯಾರು ಯಾವ ಪಾತ್ರ ಅನ್ನೋ ಸುದ್ದಿ ಇಟ್ಕೊಂಡು, ಹೋದ ಸಲ ಇದೇ ದೃಶ್ಯ ಹೆಂಗಿತ್ತು ಅಂತ ನೆನಪಿಸ್ಕೊಂಡು ಬರೀತಿದ್ದ. ಹಂಗಾಗಿ ಇದು ವೇದಿಕೆಯ ಫೋಟೋ ಅಂತ ನಂಬ್ಕೊಂಡು ಕೂತ್ರೆ ಮೋಸಹೋಗ್ತೀರ. ಚಿತ್ರದಲ್ಲಿರೋ ಬಟ್ಟೆ ಅವತ್ತು ನಟ ಹಾಕಿದ್ನೋ ಇಲ್ವೋ ಅನ್ನೋದಕ್ಕೆ ಆ ಕಾಲದ ನಾಟಕದ ಹ್ಯಾಂಡ್‌ಬಿಲ್ಲು, ಚಿತ್ರದ ಮೇಲಿನ ಸೆನ್ಸಾರ್ ಮುದ್ರೆ, ತಿಂಗಳ ಮುದ್ರೆ ಎಲ್ಲ ತಾಳೆ ಹಾಕಿ ನೋಡಬೇಕು. ಹೌದು ಸೆನ್ಸಾರ್ ಇತ್ತು, 1790ರಿಂದ ಪ್ರತಿ ಚಿತ್ರಕ್ಕೂ ಪಾಸಾಗಿದೆ ಅನ್ನೋ ಒಂದು ದುಂಡು ಮುದ್ರೆ, ಅದೂ ಹಲಗೆಯಲ್ಲೇ ಕೆತ್ತಿರೋದು.

ಈಗ ಮತ್ತೆ ಮೊದಲನೇ ಚಿತ್ರಕ್ಕೆ ಬನ್ನಿ, ಶಾರಾಕುಗೆ. ಪಬ್ಲಿಷರ್ ಹೆಸರು ತ್ಸುತಾಯಾ ಜೂಜಾಬುರೊ. ಗಟ್ಟಿ ಆಸಾಮಿ, 1791ರಲ್ಲಿ ಸರ್ಕಾರಕ್ಕೆ ಹಿಡಿಸದ ಪುಸ್ತಕ ಹಾಕಿ ಅರ್ಧ ಆಸ್ತಿ ದಂಡ ಕಟ್ಟಿದವನು. ಆ ಪುಸ್ತಕ ಬರೆದವನಿಗೆ 50 ದಿನ ಕೈಕೋಳ. 1794ರ ಹೊತ್ತಿಗೆ ಎದೊದ ಮೂರು ದೊಡ್ಡ ಥಿಯೇಟರ್‌ಗಳೂ ಸಾಲದಲ್ಲಿ ಮುಳುಗಿ ಬಾಗಿಲು ಹಾಕಿದ್ವು, ಅವುಗಳ ಬದಲಿಗೆ ಮಿಯಾಕೊ-ಜಾ, ಕಿರಿ-ಜಾ, ಕವಾರಾಜಾಕಿ-ಜಾ ಅಂತ ಮೂರು ಸ್ಟೆಪ್ನಿ ಥಿಯೇಟರ್‌ಗಳು ನಡೀತಿದ್ವು. ಇಂಥ ಹೊತ್ತಲ್ಲಿ ತ್ಸುತಾಯಾ, ಯಾರೂ ಕೇಳಿರದ ಒಬ್ಬ ಕಲಾವಿದನ 28 ದೊಡ್ಡ ತಲೆಯ ಚಿತ್ರಗಳನ್ನ ಒಂದೇ ಏಟಿಗೆ ಮಾರುಕಟ್ಟೆಗೆ ಬಿಟ್ಟ. ಎಲ್ಲದಕ್ಕೂ ಹಿನ್ನೆಲೆ ಕಪ್ಪು ಮಿಂಚು. ಮಿಂಚು ಅಂದ್ರೆ ಅಭ್ರಕ, ನಮ್ಮ ಹಳ್ಳಿ ಕಡೆ ಕಾಗೆಬಂಗಾರ ಅಂತೀವಲ್ಲ ಅದೇ, ಪುಡಿ ಮಾಡಿ ಅಂಟಲ್ಲಿ ಕಲಸಿ ಹಚ್ಚಿರೋದು. ನಿಮ್ಮ ಕೈಲಿರೋ ಜೆರಾಕ್ಸ್ ಅಂಗಡಿ ಪ್ರಿಂಟಿನಲ್ಲಿ ಅದು ಬರೀ ಬೂದು ಬಣ್ಣ, ಪಾಪ. ಅಸಲಿ ಚಿತ್ರ ವಾಲಿಸಿದ್ರೆ ಹಿಂದೆಲ್ಲ ಮಿಣಮಿಣ ಅಂತ ಬೆಳಕು ಓಡುತ್ತೆ, ಮುಖ ಮಾತ್ರ ಬೆಳ್ಳಗೆ ಹಂಗೇ ನಿಂತಿರುತ್ತೆ.

ಆ ಕೈಗಳನ್ನ ನೋಡಿ ಸ್ವಲ್ಪ ಹೊತ್ತು. ಮುಖಕ್ಕೆ ಹೋಲಿಸಿದ್ರೆ ಚಿಕ್ಕವು, ಮೂಳೆ ಇಲ್ಲದಂಗಿವೆ, ಮಣಿಕಟ್ಟು ಎಲ್ಲಿ ಸೇರುತ್ತೆ ಅಂತಾನೇ ಗೊತ್ತಾಗಲ್ಲ. ಡ್ರಾಯಿಂಗ್ ಎಕ್ಸಾಮಲ್ಲಿ ಫೇಲ್. ಆದ್ರೆ ಕತೇಲಿ ಏನಾಗ್ತಿದೆ ಅಂದ್ರೆ ಇಪ್ಪೇಯ್ ಅನ್ನೋ ಆಳಿನ ಹತ್ರ ಯಜಮಾನನ ದುಡ್ಡಿದೆ, ಅದನ್ನ ಕಿತ್ಕೊಳ್ಳೋಕೆ ಎದೊಬೆಯ್‌ನ ಛೂ ಬಿಟ್ಟಿದಾರೆ. ಇಪ್ಪೇಯ್ ಪಾತ್ರ ಮಾಡಿದ ಇಚಿಕಾವಾ ಒಮೆಜೊನ ಚಿತ್ರಾನೂ ಶಾರಾಕು ಬರೆದಿದಾನೆ, ಎರಡನೇ ಪ್ರಿಂಟು, ದಾಟಿಸಿ. ಅವನು ಕತ್ತಿ ಎಳೆಯೋಕೆ ರೆಡಿ. ಎರಡೂ ಅಕ್ಕಪಕ್ಕ ಇಟ್ರೆ ಮಧ್ಯೆ ಒಂದು ಮೊಳ ಗಾಳಿ ಇದೆಯಲ್ಲ, ಜಗಳ ಅಲ್ಲಿದೆ. ಆಗ ಆ ಕೈ ಯಾಕೆ ಹಂಗಿದೆ ಅಂತ ಅರ್ಥ ಆಗುತ್ತೆ, ಅದು ಕೈ ಅಲ್ಲ, ದುಡ್ಡಿನ ಕಡೆ ಹೊರಟಿರೋ ಯಾವುದೋ ಪ್ರಾಣಿ.

ಆದ್ರೆ ಶಾರಾಕು ಮಾಡಿದ ಎಡವಟ್ಟು ಹೆಣ್ಣು ಪಾತ್ರಗಳಲ್ಲಿದೆ. ಮೂರನೇ ಸೆಗಾವಾ ಕಿಕುನೊಜೊ ಆ ಕಾಲದ ದೊಡ್ಡ ಒನ್ನಗಾತಾ, ಆಗ ಅವನಿಗೆ 40 ದಾಟಿತ್ತು. ಜನ ಅವನಲ್ಲಿ ನೋಡೋಕೆ ಹೋಗ್ತಿದ್ದಿದ್ದು ಸುಂದರಿಯನ್ನ. ಶಾರಾಕು ಬರೆದಿದ್ದು ದಪ್ಪ ಗದ್ದದ, ಕೆನ್ನೆ ಇಳಿದ ನಡುವಯಸ್ಸಿನ ಗಂಡಸನ್ನ, ಹೆಣ್ಣು ವೇಷದಲ್ಲಿ. ಸುಳ್ಳೇನೂ ಬರೆದಿಲ್ಲ. ಅದೇ ವರ್ಷ ತೊಯೊಕುನಿ ಅನ್ನೋ 25ರ ಹುಡುಗ ಇನ್ನೊಬ್ಬ ಪಬ್ಲಿಷರ್‌ಗೆ ಅದೇ ನಟರನ್ನ ಪೂರ್ತಿ ಉದ್ದಕ್ಕೆ, ನೀಟಾಗಿ, ಮೂಗು ಗುರುತು ಸಿಗೋಷ್ಟು ಮಾತ್ರ ಉಳಿಸ್ಕೊಂಡು, ಮಿಕ್ಕಿದ್ದು ಅಂದ ಮಾಡಿ ಬರೀತಿದ್ದ. ಗೆದ್ದಿದ್ದು ತೊಯೊಕುನಿ. ಶಾರಾಕು ಹತ್ತೇ ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರ ಬರೆದು 1795ರ ಶುರುವಿನಲ್ಲಿ ಮಾಯ. ಆ ಕಾಲದ ಬರಹಗಾರ ಓತಾ ನಾನ್ಪೊ ಒಂದು ಷರಾ ಬರೆದಿಟ್ಟಿದಾನೆ: ನಿಜಾನ ಅತಿಯಾಗಿ ಬರೆಯೋಕೆ ಹೋಗಿ ಬರೀಬಾರದ್ದನ್ನ ಬರೆದ, ಅದಕ್ಕೆ ಹೆಚ್ಚು ದಿನ ನಡೀಲಿಲ್ಲ, ಈ ಅರ್ಥದಲ್ಲಿ. ಶಾರಾಕು ಯಾರು ಅನ್ನೋದಕ್ಕೆ ರಾಶಿ ಥಿಯರಿ ಇದೆ, ಹೊಕುಸಾಯಿನೇ ಅಂತೆ, ಇನ್ಯಾರೋ ಅಂತೆ. ಈಗ ಹೆಚ್ಚಿನವರು ಒಪ್ಪೋದು ಸಾಯಿತೊ ಜೂರೊಬೆಯ್ ಅನ್ನೋ, ಆವಾ ಸಂಸ್ಥಾನದ ಸೇವೆಯಲ್ಲಿದ್ದ ನೊಹ್ ನಟ ಅಂತ, ನೊಹ್ ಅಂದ್ರೆ ಜಪಾನಿನ ಇನ್ನೊಂದು ಹಳೇ ನಾಟಕ. ನಂಗೆ ಈ ಪತ್ತೇದಾರಿಕೆ ಅಷ್ಟು ರುಚಿಸಲ್ಲ. ಆದ್ರೆ ನಟನೇ ನಟನ್ನ ಬರೆದಿದ್ರೆ ಆ ನಿರ್ದಯೆ ಎಲ್ಲಿಂದ ಬಂತು ಅಂತ ಒಂಚೂರು ಗೊತ್ತಾಗುತ್ತೆ, ಮೇಕಪ್ ಕೆಳಗೆ ಬೆವರು ಹೆಂಗಿರುತ್ತೆ ಅಂತ ಅವನಿಗೆ ಗೊತ್ತಿರುತ್ತಲ್ಲ.

ಎದೊಬೆಯ್ ಪಾತ್ರ ಮಾಡಿದ ಒನಿಜಿ ಅದೇ ವರ್ಷ ಹೆಸರು ಬದಲಾಯಿಸ್ಕೊಂಡು ಎರಡನೇ ನಾಕಾಮುರಾ ನಾಕಾಜೊ ಆದ, 1796ರಲ್ಲಿ ತೀರಿಹೋದ. ಆಮೇಲಿನ ಎಷ್ಟೋ ದೊಡ್ಡ ದೊಡ್ಡ ನಟರ ಮುಖ ಇವತ್ತು ಪಂಡಿತರಿಗೆ ಮಾತ್ರ ಗೊತ್ತು, ಇವನ ಮುಖ ಕಾಫಿ ಮಗ್ ಮೇಲಿದೆ.

ಒಸಾಕಾ ಬಗ್ಗೆ ಒಂದೇ ಮಾತು, ಟೈಮ್ ಇಲ್ಲ. ಅಲ್ಲಿಯವರು ಸುಂದರಿ, ಬೆಟ್ಟಗುಡ್ಡ ಎಲ್ಲ ಹೆಚ್ಚು ಬರೀಲಿಲ್ಲ, ಬರೆದಿದ್ದು ಹೆಚ್ಚುಕಮ್ಮಿ ಬರೀ ನಟರನ್ನ, ಬರೆದವರಲ್ಲಿ ಬಹಳ ಜನ ನಾಟಕದ ಹುಚ್ಚಿನ ಹವ್ಯಾಸಿಗಳು. ಒನ್ನಗಾತಾಗೆ ವಯಸ್ಸಾಗಿದ್ರೆ ವಯಸ್ಸಾದಂಗೇ ಬರೀತಿದ್ರು, ಅಲ್ಲಿ ಅದು ನಡೀತಿತ್ತು.

ಈಗ ಸರ್ಕಾರದ ಕತೆ. 1841ರಿಂದ ಎದೊದಲ್ಲಿ ತೆಂಪೊ ಸುಧಾರಣೆ ಅಂತ ಶುರುವಾಯ್ತು, ಮಿಜುನೊ ತಾದಾಕುನಿ ಅನ್ನೋ ಮಂತ್ರಿಯ ಕಾರುಬಾರು. ಜನ ದುಂದು ಮಾಡ್ತಿದಾರೆ, ನಾಟಕ ನೋಡಿ ಹಾಳಾಗ್ತಿದಾರೆ. ಥಿಯೇಟರ್‌ಗಳನ್ನೆಲ್ಲ ಊರ ನಡುವಿಂದ ಎತ್ತಿ ಆಸಾಕುಸಾ ಕಡೆ ಸಾರುವಾಕಾ-ಚೊಗೆ ಸಾಗಹಾಕಿದ್ರು. ಏಳನೇ ದಾಂಜೂರೊನನ್ನ 1842ರಲ್ಲಿ ಊರಿಂದಾಚೆ ಗಡಿಪಾರು, ವೇದಿಕೆ ಮೇಲೆ ಅಸಲಿ ಕವಚ ಹಾಕ್ಕೊಂಡ, ಮನೇಲಿ ವೈಭವ ಮಾಡ್ದ ಅಂತ. ಅದೇ ವರ್ಷ ನಟರ ಚಿತ್ರ ಅಚ್ಚು ಹಾಕೋದೇ ಬಂದ್. ಬಣ್ಣಕ್ಕೂ ಮಿತಿ, ಬೆಲೆಗೂ ಮಿತಿ.

ಕುನಿಯೋಶಿ ಅನ್ನೋ ಕಲಾವಿದ ಇದ್ದ, ಬೆಕ್ಕಿನ ಹುಚ್ಚ, ತುಂಟ. ನಟರನ್ನ ಬರೀಬಾರದಾ, ಆಯ್ತಪ್ಪ, ಬೆಕ್ಕು ಬರೀತೀನಿ ಅಂತ ಬೆಕ್ಕು, ಆಮೆ, ಮೀನು ಬರೆದ. ಬೆಕ್ಕಿನ ಮುಖ ನೋಡಿದ್ರೆ ಯಾವ ನಟ ಅಂತ ಊರಿಗೆಲ್ಲ ಗೊತ್ತಾಗುತ್ತೆ. 1847ರ ಹೊತ್ತಿಗೆ ಇನ್ನೊಂದು ಕೆಲಸ ಮಾಡ್ದ, ನನ್ನ ಪ್ರಕಾರ ಇಡೀ ಜಪಾನಿ ಅಚ್ಚುಚಿತ್ರದಲ್ಲೇ ಇದಕ್ಕಿಂತ ಕಿಲಾಡಿ ಇನ್ನೊಂದಿಲ್ಲ. ಮೂರನೇ ಪ್ರಿಂಟು ನೋಡಿ. ಉಗ್ರಾಣದ ಗೋಡೆ, ಬಿಳಿ ಗಾರೆ, ಅದರ ಮೇಲೆ ಯಾರೋ ಪೋಲಿ ಹುಡುಗರು ಮೊಳೆಯಲ್ಲಿ ಗೀಚಿದಂಗೆ ಮುಖಗಳು. ಸೊಟ್ಟಪಟ್ಟ ಗೆರೆ, ಮಧ್ಯದಲ್ಲಿ ತಲೆ ಮೇಲೆ ಟವೆಲ್ ಹಾಕ್ಕೊಂಡು ಕುಣೀತಿರೋ ಒಂದು ಬೆಕ್ಕು. ನಟನ ಚಿತ್ರ ಎಲ್ಲಿದೆ ಸ್ವಾಮಿ, ಇದು ಗೋಡೆಯ ಚಿತ್ರ. ಹೆಸರಿಲ್ಲ, ಲಾಂಛನ ಇಲ್ಲ, ವೇಷ ಇಲ್ಲ, ಬಣ್ಣ ಇಲ್ಲ. ಉಳಿದಿರೋದು ಮೂಗು, ಗದ್ದ, ಹುಬ್ಬಿನ ಓರೆ ಅಷ್ಟೇ. ಆದ್ರೂ ಎದೊ ಜನ ಒಬ್ಬೊಬ್ಬರನ್ನೂ ಗುರುತು ಹಿಡಿದ್ರು. ಶುನ್‌ಶೊ ಕಾಲದಿಂದ 70-80 ವರ್ಷ ಚಿತ್ರ ನೋಡಿ ನೋಡಿ ಅವರ ಕಣ್ಣು ಎಷ್ಟು ಪಳಗಿತ್ತು ಅಂದ್ರೆ, ಒಂದು ಸೊಟ್ಟ ಗೆರೆ ಸಾಕಾಗಿತ್ತು. ಸರ್ಕಾರ ಹೆಸರು ತೆಗೆಸಬಹುದು, ಮೂಗು ತೆಗೆಸೋದು ಹೇಗೆ.

ಈ ಮೂಗಿನ ಧೈರ್ಯದ ಮೇಲೇ ಕುನಿಸಾದಾ ದುಡ್ಡು ಮಾಡ್ದ. ತೊಯೊಕುನಿಯ ಶಿಷ್ಯ, ಕೊನೆಗೆ ಗುರು ಹೆಸರೇ ಹಾಕ್ಕೊಂಡ. 1852ರಲ್ಲಿ ತೊಕಾಯ್ದೊ ಹೆದ್ದಾರಿಯ ಒಂದೊಂದು ತಂಗುದಾಣದ ಮುಂದೆ ಒಂದೊಂದು ನಾಟಕದ ಪಾತ್ರ ನಿಲ್ಲಿಸಿ ಒಂದು ಸೀರೀಸ್ ಮಾಡ್ದ. ಪಾತ್ರದ ಹೆಸರಿದೆ, ನಟನ ಹೆಸರಿಲ್ಲ, ಎಲ್ಲೂ ಇಲ್ಲ, ಕಾನೂನಿಗೆ ನಮಸ್ಕಾರ. ಕೊಂಡವರಿಗೆಲ್ಲ ನಟ ಯಾರು ಅಂತ ಗೊತ್ತು. ಸಿಕ್ಕಾಪಟ್ಟೆ ಮಾರಾಟ ಆಯ್ತು. ಅದರಲ್ಲಿ ಬದುಕಿದ್ದವರೂ ಇದ್ರು, ಸತ್ತು ಎಷ್ಟೋ ವರ್ಷ ಆದವರೂ ಇದ್ರು. ಯಾವತ್ತೂ ಆ ಪಾತ್ರ ಮಾಡದೇ ಇದ್ದ ನಟನಿಗೂ ಆ ಪಾತ್ರ ಕೊಡೋದು, ಮಿತಾತೆ ಅಂತಾರೆ. ಕಟ್ಟೆ ಮೇಲೆ ಕೂತು ಈ ರೋಲು ಅಣ್ಣಾವ್ರು ಮಾಡಿದ್ರೆ ಹೆಂಗಿರ್ತಿತ್ತು ಅಂತ ನಾವು ಮಾತಾಡ್ತೀವಲ್ಲ, ಅದನ್ನ ಇವರು ಅಚ್ಚು ಹಾಕಿ ಮಾರ್ತಿದ್ರು.

ಕೊನೇದಾಗಿ ಎಂಟನೇ ದಾಂಜೂರೊ. ಗಡಿಪಾರಾದ ಏಳನೆಯವನ ಮಗ. ರೂಪವಂತ, ಹೆಂಗಸರ ಕಣ್ಮಣಿ. 1853ರಲ್ಲಿ ಯೋಸಾಬುರೊ ಅನ್ನೋ, ಮೈಯೆಲ್ಲ ಕತ್ತಿ ಗಾಯದ ಗುರುತಿರೋ ಪಾತ್ರ ಮಾಡಿ ಊರನ್ನೇ ಹುಚ್ಚೆಬ್ಬಿಸಿದ. ಮರುವರ್ಷ ಅಪ್ಪನ ಜೊತೆ ಆಡೋಕೆ ಅಂತ ಒಸಾಕಾಗೆ ಹೋದವನು ಅಲ್ಲೇ ತನ್ನ ಪ್ರಾಣ ತಾನೇ ತೆಗೆದ್ಕೊಂಡ. ಇನ್ನೂ ಮೂವತ್ತರ ಆಸುಪಾಸು. ಕಾರಣ ಇವತ್ತಿಗೂ ಬಗೆಹರಿದಿಲ್ಲ. ಸುದ್ದಿ ಎದೊಗೆ ಬಂದಿದ್ದೇ ತಡ, ಶಿನಿ-ಎ, ಅಂದ್ರೆ ಸಾವಿನ ಚಿತ್ರಗಳು, ಬಿದ್ದೂ ಬಿದ್ದೂ ಬಂದ್ವು. ನೂರಕ್ಕೂ ಹೆಚ್ಚು ಬಗೆ. ತಿಳಿನೀಲಿ ಉಡುಪು, ಕೈಲಿ ಜಪಮಣಿ, ಸತ್ತ ದಿನ, ಸತ್ತ ಮೇಲೆ ಇಟ್ಟ ಬೌದ್ಧ ಹೆಸರು. ಎಷ್ಟೋ ಚಿತ್ರಗಳಲ್ಲಿ ಬರೆದವನ ಸಹಿ ಇಲ್ಲ, ಸೆನ್ಸಾರ್ ಮುದ್ರೆ ಇಲ್ಲ, ಅಷ್ಟು ಅವಸರ. ಒಂದರಲ್ಲಂತೂ ದಾಂಜೂರೊ ಬುದ್ಧನ ಪರಿನಿರ್ವಾಣದ ಥರ ಮಲಗಿದಾನೆ, ಸುತ್ತ ಶಿಷ್ಯರ ಬದಲು ಹೆಂಗಸರು ಗೋಳೋ ಅಂತಿದಾರೆ. ನಗಬೇಕೋ ಅಳಬೇಕೋ ಗೊತ್ತಾಗಲ್ಲ, ಬಹುಶಃ ಕೊಂಡವರಿಗೂ ಗೊತ್ತಿರಲಿಲ್ಲ. ಆದ್ರೆ ಗಮನಿಸಿ, ಇಷ್ಟು ದಿನ ಪಾತ್ರದ ವೇಷದಲ್ಲಿ ಕಂಡವನು ಇಲ್ಲಿ ಸ್ವಂತ ಹೆಸರಲ್ಲಿ ಬಂದಿದಾನೆ, ಅಲ್ಲೂ ಮತ್ತೆ ಒಂದು ಪಾತ್ರಾನೇ ಕೊಟ್ಟಿದಾರೆ ಅವನಿಗೆ.

ಇದಾದ ಮೇಲೂ ಕುನಿಚಿಕಾ ಅಂತ ಒಬ್ಬ 1900ರವರೆಗೆ ಬರೆದ, ವಿದೇಶದಿಂದ ಬಂದ ಕಣ್ಣು ಕುಕ್ಕೋ ಕೆಂಪು ಸುರಿದು. ಅಷ್ಟೊತ್ತಿಗೆ ಫೋಟೋ ಸ್ಟುಡಿಯೋ ಬಂದಿತ್ತು. ನೋಡಬೇಕು ಅನ್ನೋರಿಗೆ ಟೋಕಿಯೊದ ವಾಸೆದಾ ಯೂನಿವರ್ಸಿಟಿಯಲ್ಲಿ 1928ರಲ್ಲಿ ಶುರುವಾದ ನಾಟಕ ಮ್ಯೂಸಿಯಂ ಇದೆ, 40,000ಕ್ಕೂ ಹೆಚ್ಚು ಅಚ್ಚುಚಿತ್ರ, ಆನ್‌ಲೈನಲ್ಲೇ ಹುಡುಕಬಹುದು, ಒಂದು ರಾತ್ರಿ ನಿದ್ದೆ ಹೋಗುತ್ತೆ ಅಷ್ಟೇ.

(ಇಲ್ಲಿಗೆ ಮಾತು ಮುಗಿದಿತ್ತು. ಆಮೇಲಿನ ಪ್ರಶ್ನೆಗಳಲ್ಲಿ ಒಂದನ್ನ ಹಾಕ್ತಿದೀನಿ. ಮುಂದೆ ಕೂತಿದ್ದ ಕಾಲೇಜು ಹುಡುಗಿ ಕೇಳಿದ್ದು: "ಸರ್, ಅಚ್ಚಾದ ಮೇಲೆ ಆ ಹಲಗೆಗಳು ಏನಾಗ್ತಿದ್ವು?")

ಹಲಗೆ ಪಬ್ಲಿಷರ್ ಆಸ್ತಿನಮ್ಮಾ, ಚಿತ್ರಕಾರನದ್ದಲ್ಲ. ಚಿತ್ರಕಾರನಿಗೆ ಒಂದ್ಸಲ ದುಡ್ಡು ಕೊಟ್ರೆ ಮುಗೀತು. ಚೆರಿ ಮರ ಅಗ್ಗ ಅಲ್ಲ, ಚಿತ್ರ ಓಡೋದು ನಿಂತ ಮೇಲೆ ಹಲಗೆ ಹೆರೆದು ನುಣ್ಣಗೆ ಮಾಡಿ ಅದರ ಮೇಲೇ ಇನ್ನೊಂದು ಕೆತ್ತೋರು. ಇನ್ನೊಂದು ಉಪಾಯಾನೂ ಇತ್ತು. ಅದೇ ನಾಟಕ ಮತ್ತೆ ಬಂತು, ನಟ ಮಾತ್ರ ಬೇರೆ ಅಂದ್ಕೊಳಿ. ಇಡೀ ಹಲಗೆ ಯಾಕೆ ದಂಡ ಮಾಡೋದು ಅಂತ ತಲೆ ಇರೋ ಜಾಗ ಅಷ್ಟನ್ನ ಕೊರೆದು ತೆಗೆದು, ಅಲ್ಲಿಗೆ ಸರಿಯಾಗಿ ಕೂರೋ ಮರದ ತುಂಡು ಬಡಿದು, ಹೊಸ ನಟನ ಮುಖ ಕೆತ್ತಿಬಿಡೋರು. ಅದೇ ಕಿಮೋನೊ, ಅದೇ ಕೈ, ಅದೇ ನಿಲುವು.

"ಹಂಗಾದ್ರೆ ಮೈ ಹಳಬಂದು, ಮೂಗು ಹೊಸಬಂದು?" ಅಂದ್ಳು.

ಹೌದು ಅಂದೆ. ತೋಳ ಮೇಲೆ ಹಳಬನ ಲಾಂಛನ ಇದ್ರೆ ಅದನ್ನೂ ಕೊರೀಬೇಕಾಗಿತ್ತು.